ಶನಿವಾರದ ಸಂತೆ, ಪೆನ್ಷನ್ ಕಾಗದ, ಹತ್ತನೇ ಕ್ಲಾಸಿನ ಗಣಿತ

ಫೌಜಿನಲ್ಲಿ ಕರ್ನಲ್ ಆದವನು 54ಕ್ಕೆ ಯೂನಿಫಾರ್ಮ್ ಕಳಚಿ ಮನೆಗೆ ಬರಬೇಕು. ಬ್ರಿಗೇಡಿಯರ್ ಆದರೆ 56. ಅದಕ್ಕೂ ಮೇಲೆ ಹೋದವರಿಗೆ ಇನ್ನೆರಡು ನಾಲ್ಕು ವರ್ಷ ಜಾಸ್ತಿ ಸಿಗುತ್ತದೆ. ನಾನು ಕರ್ನಲ್ ಆಗಿಯೇ ನಿಂತವನು. 2016ರಲ್ಲಿ ಬಂದೆ. ಆ ವಯಸ್ಸಿಗೆ ಮಕ್ಕಳ ಓದು ಮುಗಿದಿರುತ್ತದೆ, ಮಂಡಿ ಇನ್ನೂ ಕೈಕೊಟ್ಟಿರುವುದಿಲ್ಲ, ಪೆನ್ಷನ್ ತಿಂಗಳು ತಿಂಗಳು ಬರುತ್ತದೆ. ಆಮೇಲೆ ಏನು ಮಾಡೋದು ಅನ್ನೋದೇ ಪ್ರಶ್ನೆ.

ಇದಕ್ಕೆ ಸರ್ಕಾರವೇ ಒಂದು ದಾರಿ ಮಾಡಿಟ್ಟಿದೆ. ರಕ್ಷಣಾ ಸಚಿವಾಲಯದಲ್ಲಿ ಡಿಜಿಆರ್ ಅಂತ ಇದೆ, ಮಾಜಿ ಸೈನಿಕರ ಪುನರ್ವಸತಿ ನೋಡಿಕೊಳ್ಳುವ ವಿಭಾಗ. ಅವರು ನಿವೃತ್ತಿಯ ಹೊಸ್ತಿಲಲ್ಲಿರುವ ಅಧಿಕಾರಿಗಳನ್ನು 24 ವಾರದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಐಐಎಂನಂಥ ಕಡೆ ಕಳಿಸುತ್ತಾರೆ. ನಾನೂ ಹೋಗಿ ಬ್ಯಾಲೆನ್ಸ್ ಶೀಟ್ ಓದಲು ಕಲಿತು ಬಂದೆ. ನನ್ನ ಜೊತೆ ಕೂತವರಲ್ಲಿ ಬಹಳ ಮಂದಿ ಬೆಂಗಳೂರು, ಗುರುಗ್ರಾಮದ ಕಂಪನಿಗಳಲ್ಲಿ ಸೆಕ್ಯುರಿಟಿ ಹೆಡ್, ಅಡ್ಮಿನ್ ಹೆಡ್ ಆದರು. ಅದೇನೂ ಕೀಳು ಕೆಲಸವಲ್ಲ, ಸಂಬಳವೂ ಚೆನ್ನಾಗಿದೆ. ಆದರೆ ಗಾಜಿನ ಕಟ್ಟಡದ ಬಾಗಿಲು ಕಾಯೋದರ ಲೆಕ್ಕ ನೋಡಿಕೊಂಡು ಇನ್ನೊಂದು ಹತ್ತು ವರ್ಷ ಕಳೆಯಲು ನನಗೆ ಮನಸ್ಸಿರಲಿಲ್ಲ.

ನಮ್ಮೂರು ಉತ್ತರ ಕೊಡಗಿನ ಶನಿವಾರಸಂತೆ ಕಡೆ. ಊರಿಗೇ ಬಂದೆ. ಮನೆಯ ಕಾಫಿ ತೋಟ ತಮ್ಮ ನೋಡಿಕೊಳ್ಳುತ್ತಿದ್ದ. ನಾನು ಕೈ ಹಾಕಿದರೆ ಅವನಿಗೂ ಕಷ್ಟ, ಕಾಫಿಗೂ ಕಷ್ಟ. ಸುಮ್ನೆ ಮನೆಯಲ್ಲಿ ಕೂತರೆ ನನ್ನ ಹೆಂಡತಿಗೆ ಇನ್ನೂ ಕಷ್ಟ. "ನೋಡಿ, ಇಲ್ಲಿ ರೆಜಿಮೆಂಟ್ ಇಲ್ಲ, ನಾನೊಬ್ಬಳೇ ಇರೋದು" ಅಂತ ಮೊದಲ ವಾರವೇ ಹೇಳಿಬಿಟ್ಟಳು.

ನಿವೃತ್ತ ಅಧಿಕಾರಿ ಊರಿಗೆ ಬಂದರೆ ಊರು ಬಯಸುವುದು ಒಂದು, ಊರಿಗೆ ಬೇಕಾಗಿರುವುದು ಇನ್ನೊಂದು. ಬಯಸುವುದು ಏನೆಂದರೆ ಆಗಸ್ಟ್ 15ಕ್ಕೆ ಬಾವುಟ ಹಾರಿಸಬೇಕು, ಜುಲೈ 26ಕ್ಕೆ ಕಾರ್ಗಿಲ್ ಬಗ್ಗೆ ಭಾಷಣ ಮಾಡಬೇಕು. ಶಾಲು, ಹಾರ, ಮೈಸೂರು ಪೇಟ. ವರ್ಷ ತುಂಬುವ ಹೊತ್ತಿಗೆ ನಮ್ಮ ಬೀರುವಿನಲ್ಲಿ ಶಾಲುಗಳಿಗೆ ಜಾಗ ಸಾಲದಾಯಿತು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು, ಫೌಜಿನವರಿಗೆ ಮರ್ಯಾದೆ ಸ್ವಲ್ಪ ಜಾಸ್ತಿಯೇ. ಬೇಡ ಅನ್ನುವುದಿಲ್ಲ. ಆದರೆ ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ಹಳೆಯ ಹವಾಲ್ದಾರನ ಪೆನ್ಷನ್ ಕಾಗದದಲ್ಲಿ ಹೆಂಡತಿಯ ಹೆಸರೇ ತಪ್ಪಿರುತ್ತದೆ. ಅದು ಅವನಿಗೂ ಗೊತ್ತಿರುವುದಿಲ್ಲ. ಹಿಂದೆ ನಿಂತಿರುವ ಹುಡುಗರು "ನಾವೂ ಆರ್ಮಿ ಸೇರ್ತೀವಿ ಸಾರ್" ಅಂತಾರೆ, ಭಾಗಾಕಾರ ಬರುವುದಿಲ್ಲ. ಊರಿಗೆ ಬೇಕಾಗಿರುವುದು ಇದೆರಡಕ್ಕೆ ಕೂತು ಮಾಡುವ ಒಬ್ಬ ಆಳು.

ಪಾಠ ಮಾಡುವುದು ನನಗೆ ಹೊಸದಾಗಿರಲಿಲ್ಲ. ನಾನು ತೋಪಖಾನೆಯವನು, ಅಂದರೆ ಆರ್ಟಿಲರಿ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ನಮ್ಮ ಸ್ಕೂಲ್ ಆಫ್ ಆರ್ಟಿಲರಿ ಇದೆ. ಅಲ್ಲಿ ಇನ್‌ಸ್ಟ್ರಕ್ಟರ್ ಇನ್ ಗನ್ನರಿ ಆಗಿದ್ದೆ. ನಮ್ಮವರಲ್ಲಿ ಐಜಿ ಅಂದರೆ ಒಂದು ತೂಕ ಜಾಸ್ತಿ. ಆದರೆ ಹೈಸ್ಕೂಲಿನಲ್ಲಿ ಕಲಿಸಬೇಕಾದರೆ ಆ ತೂಕ ನಡೆಯುವುದಿಲ್ಲ, ಬಿ.ಎಡ್. ಬೇಕು. ಅದೂ ನಾನು ಸೇರುವ ಹೊತ್ತಿಗೆ ಒಂದು ವರ್ಷದ ಬಿ.ಎಡ್. ಎರಡು ವರ್ಷಕ್ಕೆ ಏರಿತ್ತು.

ಮೈಸೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಸಿಕ್ಕಿತು. ಅಡ್ಮಿಶನ್ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತರು ನನ್ನ ಡಿಗ್ರಿ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಸಾರ್, ನೀವು ಜೆಎನ್‌ಯುನಲ್ಲಿ ಓದಿದ್ರಾ?" ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ, ಅಂದರೆ ಫೌಜಿನ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯಲ್ಲಿ, ಮೂರು ವರ್ಷ ಬೆವರು ಸುರಿಸಿದವರಿಗೆ ಪದವಿ ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಆ ಕ್ಯಾಂಪಸ್ಸಿನ ಗೇಟು ಕೂಡ ನಾನು ನೋಡಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಹಿಂದೆ ಕ್ಯೂ ಬೆಳೆದಿತ್ತು.

ಕ್ಲಾಸಿನಲ್ಲಿದ್ದವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು. ಮೊದಲ ದಿನ ನಾನು ಒಳಗೆ ಹೋದಾಗ ಎಲ್ಲರೂ ಎದ್ದು ನಿಂತರು, ಲೆಕ್ಚರರ್ ಬಂದರು ಅಂದುಕೊಂಡು. ನಾನು ಕೊನೆಯ ಬೆಂಚಿಗೆ ಹೋಗಿ ಕೂತ ಮೇಲೆ ಒಬ್ಬೊಬ್ಬರೇ ಕೂತರು. ಸ್ವಲ್ಪ ದಿನ "ಅಂಕಲ್" ಆಗಿದ್ದೆ, ಆಮೇಲೆ "ಸಾರ್" ಆದೆ. ಲೆಕ್ಚರರೂ ನನ್ನನ್ನು ಸಾರ್ ಅನ್ನುತ್ತಿದ್ದರು, ನಾನೂ ಅವರನ್ನು ಸಾರ್ ಅನ್ನುತ್ತಿದ್ದೆ.

ಬಿ.ಎಡ್.ನಲ್ಲಿ ಮೈಕ್ರೋ ಟೀಚಿಂಗ್ ಅಂತ ಒಂದಿದೆ. ಐದಾರು ನಿಮಿಷದ ಪಾಠ, ಅದರಲ್ಲಿ ಒಂದೇ ಒಂದು ಕೌಶಲ ತೋರಿಸಬೇಕು. ಪಾಠ ಶುರು ಮಾಡುವುದು, ಪ್ರಶ್ನೆ ಕೇಳುವುದು, ಬೋರ್ಡಿನ ಮೇಲೆ ಬರೆಯುವುದು, ಹೀಗೆ. ಸಹಪಾಠಿಗಳೇ ಎಂಟನೇ ಕ್ಲಾಸಿನ ಮಕ್ಕಳ ಹಾಗೆ ನಟಿಸಬೇಕು. ನನ್ನ ಮಗಳಿಗಿಂತ ಚಿಕ್ಕವಳೊಬ್ಬಳು ಪಾತ್ರದೊಳಗೆ ಎಷ್ಟು ಇಳಿದುಬಿಟ್ಟಳೆಂದರೆ, ನಾನು ಸಮೀಕರಣ ಬರೆಯುತ್ತಿರುವಾಗ ಕಿರುಬೆರಳು ಎತ್ತಿ "ಸಾ...ರ್, ಒಂದಕ್ಕೆ" ಅಂದಳು. ರೆಜಿಮೆಂಟಿನಲ್ಲಿ ಯಾರೂ ನನ್ನನ್ನು ಇದು ಕೇಳಿರಲಿಲ್ಲ. ವೀಕ್ಷಣಾ ಹಾಳೆಯಲ್ಲಿ ಇನ್ನೊಬ್ಬ ಬರೆದಿದ್ದ: ವಿಷಯ ಸ್ಪಷ್ಟ, ಧ್ವನಿ ಸ್ಪಷ್ಟ, ಆದರೆ ಪಾಠ ಮುಗಿಯುವವರೆಗೂ ಅಟೆನ್ಷನ್‌ನಲ್ಲೇ ನಿಂತಿದ್ದರು.

ಕಷ್ಟ ಕೊಟ್ಟಿದ್ದು ಕನ್ನಡ ಬರವಣಿಗೆ. ಮೂವತ್ತು ವರ್ಷಕ್ಕೂ ಮೇಲೆ ಇಂಗ್ಲಿಷು, ಹಿಂದಿ ಬಿಟ್ಟು ಬೇರೆ ಬರೆದವನಲ್ಲ. ಅಮ್ಮನಿಗೆ ಬರೆದ ಕಾಗದಗಳಷ್ಟೇ ಕನ್ನಡ, ಅವೂ ಫೋನು ಬಂದ ಮೇಲೆ ನಿಂತಿದ್ದವು. ಬಹುಪದೋಕ್ತಿ, ಸಮಾಂತರ ಶ್ರೇಢಿ, ಉನ್ನತ ಕೋನ, ಅವನತ ಕೋನ ಅಂತ ಬೋರ್ಡಿನ ಮೇಲೆ ಬರೆಯಬೇಕು, ಒತ್ತು ದೀರ್ಘ ಎಲ್ಲ ಸರಿಯಾಗಿ. ಹಾಸ್ಟೆಲ್ಲಿನ ಹುಡುಗನೊಬ್ಬ ರಾತ್ರಿ ನನಗೆ ಕಾಪಿ ತಿದ್ದಿಕೊಡುತ್ತಿದ್ದ. ನಾನು ಅವನಿಗೆ ಸಂಭವನೀಯತೆ ಹೇಳಿಕೊಡುತ್ತಿದ್ದೆ.

2018ರ ಜೂನ್‌ನಲ್ಲಿ ಊರ ಹತ್ತಿರದ ಒಂದು ಖಾಸಗಿ ಕನ್ನಡ ಮಾಧ್ಯಮ ಹೈಸ್ಕೂಲಿಗೆ ಸೇರಿದೆ. ಸಂಬಳ ನನ್ನ ಪೆನ್ಷನ್ನಿನ ಹತ್ತಿರಕ್ಕೂ ಬರುವುದಿಲ್ಲ. ಅದು ನನಗೆ ತೊಂದರೆಯಲ್ಲ. ಆದರೆ ಅದೇ ಸಂಬಳದಲ್ಲಿ ಸಂಸಾರ ನಡೆಸುವ ಬೇರೆ ಮೇಷ್ಟ್ರುಗಳ ಮುಂದೆ ನಾನು "ದುಡ್ಡಿಗೆ ಬಂದಿಲ್ಲ" ಅಂತ ದೊಡ್ಡಸ್ತಿಕೆ ಮಾತಾಡಬಾರದು ಅಂತ ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ.

ಮಕ್ಕಳ ಮೊದಲ ಪ್ರಶ್ನೆ ನಿರೀಕ್ಷೆ ಮಾಡಿದ್ದೇ. "ಸಾರ್, ನೀವು ಎಷ್ಟು ಜನನ್ನ ಹೊಡ್ದಿದೀರಾ?" 1999ರ ಕಾರ್ಗಿಲ್ ಯುದ್ಧದಲ್ಲಿ ನಾನು ದ್ರಾಸ್‌ನಲ್ಲಿದ್ದೆ. ಹೇಳಲಿಕ್ಕೆ ಕಥೆ ಇಲ್ಲದೆ ಇಲ್ಲ. ಆದರೆ ನಾನು ಹೇಳಿದ್ದು ಬೇರೆ. ತೋಪಿನವರ ಗುಂಡು ಬೀಳುವುದು ಗುಡ್ಡದ ಆಚೆ, ಕಿಲೋಮೀಟರ್‌ಗಟ್ಟಲೆ ದೂರದಲ್ಲಿ. ತೋಪಿನ ಹತ್ತಿರ ನಿಂತವನಿಗೆ ಗುರಿ ಕಾಣುವುದೇ ಇಲ್ಲ. ಮೇಲೆ ಎಲ್ಲೋ ಒಬ್ಬ ಕೂತು ನೋಡಿ ವೈರ್‌ಲೆಸ್ಸಿನಲ್ಲಿ ಹೇಳುತ್ತಾನೆ, ಕೆಳಗೆ ಲೆಕ್ಕ ಹಾಕುತ್ತಾರೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಗುಂಡು ಮಾಮೂಲಿಗಿಂತ ದೂರ ಹೋಗಿಬಿಡುತ್ತದೆ. ಅದಕ್ಕೂ ಲೆಕ್ಕ. ಗಾಳಿ ಬೀಸುವ ದಿಕ್ಕಿಗೂ ಲೆಕ್ಕ. ಒಂದು ಅಂಕಿ ತಪ್ಪಿದರೆ ಗುಂಡು ನಮ್ಮವರ ಮೇಲೇ ಬೀಳಬಹುದು. ಹುಡುಗರ ಮುಖ ಬಾಡಿತು. ಯುದ್ಧದಲ್ಲೂ ಗಣಿತವೇ ಅಂತ ಗೊತ್ತಾದರೆ ಯಾರಿಗೆ ತಾನೇ ಬೇಜಾರಾಗಲ್ಲ?

ಫೌಜಿನಲ್ಲಿ ಪಾಠ ಮುಗಿಸುವಾಗ ಉಸ್ತಾದರು "ಕೋಯೀ ಶಕ್?" ಅಂತ ಕೇಳುತ್ತಾರೆ. ಸಂಶಯ ಇದ್ದರೂ ಯಾರೂ ಬಾಯಿ ಬಿಡುವುದಿಲ್ಲ, "ನೋ ಡೌಟ್ ಸರ್" ಅನ್ನುತ್ತಾರೆ. ಶಾಲೆಯಲ್ಲಿ "ಅರ್ಥ ಆಯ್ತಾ?" ಅಂದರೆ ಇಡೀ ಕ್ಲಾಸು ರಾಗವಾಗಿ "ಆಯ್ತೂ ಸಾರ್" ಅನ್ನುತ್ತದೆ. ಎರಡೂ ಒಂದೇ. ವ್ಯತ್ಯಾಸ ಏನೆಂದರೆ, ದೇವಳಾಲಿಗೆ ಬರುವ ಜವಾನನಿಗೆ ಪಾಸಾಗಲು ಕಾರಣ ಇದೆ. ಕೋರ್ಸು ಪಾಸಾದರೆ ಬಡ್ತಿ. ರಾತ್ರಿ ಕೂತಾದರೂ ಕಲಿಯುತ್ತಾನೆ. ಬೆಳಗ್ಗೆ ಹಾಲು ಡೈರಿಗೆ ಹಾಕಿ, ಎರಡು ಮೈಲಿ ನಡೆದು ಬರುವ ಹದಿನೈದರ ಹುಡುಗನಿಗೆ ವರ್ಗ ಸಮೀಕರಣ ಬಿಡಿಸಲು ಯಾವ ಕಾರಣವೂ ಇಲ್ಲ. ಕಾರಣ ನಾವು ಹುಡುಕಿ ಕೊಡಬೇಕು. ಹಾಗಾಗಿ "ಅರ್ಥ ಆಯ್ತಾ" ಕೇಳುವುದನ್ನು ಬಿಟ್ಟೆ. ಬದಲಿಗೆ ಒಬ್ಬರನ್ನು ಬೋರ್ಡಿಗೆ ಕರೆದು, ಅವರು ಬಿಡಿಸುವಾಗ ಉಳಿದವರು ಎಲ್ಲಿ ತಪ್ಪಿದೆ ಅಂತ ಹೇಳಬೇಕು. ಬೇರೆಯವರ ತಪ್ಪು ಹುಡುಕಲು ಮಕ್ಕಳಿಗೆ ಎಲ್ಲಿಲ್ಲದ ಹುರುಪು ಬರುತ್ತದೆ.

ತ್ರಿಕೋನಮಿತಿಯ ಅನ್ವಯ ಅಂತ ಹತ್ತನೇ ಕ್ಲಾಸಿನಲ್ಲಿ ಒಂದು ಅಧ್ಯಾಯ ಇದೆ. ಗೋಪುರದ ಬುಡದಿಂದ ಇಷ್ಟು ಮೀಟರ್ ದೂರ, ಉನ್ನತ ಕೋನ ಇಷ್ಟು, ಎತ್ತರ ಎಷ್ಟು? ಪುಸ್ತಕದಲ್ಲಿ ಬರುವುದು 30, 45, 60 ಡಿಗ್ರಿ ಮಾತ್ರ. ಒಂದು ದಿನ ನನ್ನ ದುರ್ಬೀನು ತಗೊಂಡು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ತೋಪಿನವರ ದುರ್ಬೀನಿನೊಳಗೆ ಅಡ್ಡ ಗೆರೆ, ಅದರ ಮೇಲೆ ಗುರುತುಗಳು ಇರುತ್ತವೆ. ಅವು ಡಿಗ್ರಿಯಲ್ಲ, ಮಿಲ್. ಒಂದು ಸುತ್ತಿಗೆ 360 ಡಿಗ್ರಿ ಇರುವ ಹಾಗೆ ನಮ್ಮ ಲೆಕ್ಕದಲ್ಲಿ 6400 ಮಿಲ್. ಅದರ ಚೆಂದ ಏನೆಂದರೆ, ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮಿಲ್ ಅಂದರೆ ಹತ್ತಿರ ಹತ್ತಿರ ಒಂದು ಮೀಟರ್. ಅಗಲವನ್ನು ಮೀಟರಿನಲ್ಲಿ ಇಟ್ಟುಕೊಂಡು ಮಿಲ್‌ನಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಯುದ್ಧಭೂಮಿಯಲ್ಲಿ ಬಾಯಿಲೆಕ್ಕಕ್ಕೆ ಸಿಗುವ ಸೂತ್ರ.

ಎದುರು ಗುಡ್ಡದಲ್ಲಿ ಒಬ್ಬರ ಕಾಫಿ ಕಣ ಕಾಣುತ್ತದೆ. ಆ ಮನೆಯ ಹುಡುಗಿ ನಮ್ಮ ಕ್ಲಾಸಿನಲ್ಲೇ ಇದ್ದಳು. ಹಿಂದಿನ ಸಂಜೆ ಅವಳು ಕಣದ ಅಗಲ ಅಳೆದುಕೊಂಡು ಬಂದಿದ್ದಳು, 30 ಮೀಟರ್. ದುರ್ಬೀನಿನಲ್ಲಿ ಕಣದ ಈ ಅಂಚಿನಿಂದ ಆ ಅಂಚಿಗೆ 40 ಮಿಲ್ ಬಂತು. 30ನ್ನು 40ರಿಂದ ಭಾಗಿಸಿದರೆ 0.75. ಅಂದರೆ ಮುಕ್ಕಾಲು ಕಿಲೋಮೀಟರ್, 750 ಮೀಟರ್. ಎಲ್ಲರಿಗೂ ಖುಷಿ. ಅವಳಿಗೆ ಮಾತ್ರ ಸಮಾಧಾನ ಇರಲಿಲ್ಲ. 40 ಮಿಲ್ ಅಂದರೆ 2.25 ಡಿಗ್ರಿ ಅಂತ ಲೆಕ್ಕ ಹಾಕಿ, ನನ್ನ ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಟ್ಯಾನ್ ಒತ್ತಿಸಿ, ಪುಸ್ತಕದ ದಾರಿಯಲ್ಲೇ ಬಿಡಿಸಿದಳು. 763 ಮೀಟರ್ ಚಿಲ್ಲರೆ ಬಂತು. "ಸಾರ್, ಹದಿಮೂರು ಮೀಟರ್ ಎಲ್ಲಿ ಹೋಯ್ತು?"

ಐಜಿ ಆಗಿದ್ದಾಗ ಈ ಪ್ರಶ್ನೆಯನ್ನು ಲೆಫ್ಟಿನೆಂಟುಗಳು ಕೇಳಿದ್ದು ನೆನಪಿಲ್ಲ. ಒಂದು ಕಿಲೋಮೀಟರಿಗೆ ಸರಿಯಾಗಿ ಒಂದು ಮೀಟರ್ ಬರಬೇಕಾದರೆ ಸುತ್ತಿಗೆ 6283 ಮಿಲ್ ಇರಬೇಕು. ಎರಡು ಪೈ ಗುಣಿಸು ಸಾವಿರ. ಆದರೆ 6283ನ್ನು ಅರ್ಧ, ಕಾಲು, ಎಂಟನೇ ಒಂದು ಮಾಡಲು ಬರುವುದಿಲ್ಲ, 6400 ಆದರೆ ಸಲೀಸು. ಸೇನೆ ಅನುಕೂಲಕ್ಕೆ 6400 ಮಾಡಿಕೊಂಡಿದೆ. ಹದಿಮೂರು ಮೀಟರ್ ಹೋಗಿದ್ದು ಅಲ್ಲಿ. ಅವತ್ತು ಪೈ ಅನ್ನುವುದು ವೃತ್ತದ ಅಧ್ಯಾಯ ಬಿಟ್ಟು ಹೊರಗೂ ಓಡಾಡುತ್ತದೆ ಅಂತ ಆ ಮಕ್ಕಳಿಗೆ ಗೊತ್ತಾಯಿತು. ಆಮೇಲಿನ ಪರೀಕ್ಷೆಯಲ್ಲಿ ಇದಕ್ಕೇನೂ ಮಾರ್ಕ್ಸ್ ಸಿಗಲಿಲ್ಲ, ಆ ಮಾತು ಬೇರೆ.

ನಾನು ಶಾಲೆ ಸೇರಿ ಎರಡು ತಿಂಗಳಾಗಿತ್ತಷ್ಟೇ, ಆ ಆಗಸ್ಟಿನ ಮಳೆ ಬಂತು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು. ಶಾಲೆಗೆ ರಜೆ. ನಾನು ಪರಿಹಾರ ಕೇಂದ್ರಕ್ಕೆ ಹೋದೆ. ಕರ್ನಲ್ ಬಂದಿದ್ದಾರೆ, ಹೆಲಿಕಾಪ್ಟರ್ ತರಿಸ್ತಾರೆ ಅಂತ ಯಾರೋ ಹಬ್ಬಿಸಿದ್ದರು. ಅಲ್ಲಿ ನಾನು ಮಾಡಿದ ಹೆಚ್ಚಿನ ಕೆಲಸ ಅಕ್ಕಿ ಮೂಟೆ, ಹೊದಿಕೆ ಲೆಕ್ಕ ಇಡುವುದು. ಒಬ್ಬ ನಿವೃತ್ತ ಹವಾಲ್ದಾರ್ ಮೂಲೆಯಲ್ಲಿ ಕೂತಿದ್ದ. ಮನೆ ಪೂರ್ತಿ ಮಣ್ಣಿನ ಕೆಳಗೆ. ಜೀವ ಉಳಿಯಿತಲ್ಲ ಅಂದರೆ, "ಡಿಸ್ಚಾರ್ಜ್ ಬುಕ್ಕು ಹೋಯ್ತಲ್ಲ ಸಾಬ್" ಅಂದ. ಆ ಪುಸ್ತಕ ಇಲ್ಲದಿದ್ದರೆ ತಾನು ಫೌಜಿಯೇ ಅಲ್ಲ ಅನ್ನುವಷ್ಟು ಕುಗ್ಗಿದ್ದ.

ಡಿಸ್ಚಾರ್ಜ್ ಬುಕ್ಕು ಅಂದರೆ ಫೌಜಿನಿಂದ ಬಿಡುಗಡೆ ಆದಾಗ ಕೊಡುವ ಸೇವೆಯ ದಾಖಲೆ, ಅದು ಕಳೆದುಹೋದರೆ ನಕಲು ಪ್ರತಿ ಸಿಗುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು, ಒಂದು ಅಫಿಡವಿಟ್, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಅರ್ಜಿ. ಯಾವ ಪಡೆಗೆ ಯಾವ ಊರಿನ ರೆಕಾರ್ಡ್ ಆಫೀಸು ಅಂತ ತಿಳಿದಿರಬೇಕು. ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಯಂತ್ರ, ವಾಹನ ರಿಪೇರಿ ನೋಡಿಕೊಳ್ಳುವ ಇಎಂಇಗೆ ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್‌ಪುರ, ನಮ್ಮ ತೋಪಖಾನೆಗೆ ನಾಸಿಕ್ ರೋಡ್, ಎಂಇಜಿಗೆ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ, ಬೆಂಗಳೂರು. ಆ ಹವಾಲ್ದಾರನ ಅರ್ಜಿ ಬರೆಯುವುದರಿಂದ ನನ್ನ ಶನಿವಾರಗಳು ಶುರುವಾದವು.

ಶನಿವಾರ ಶಾಲೆ ಬೆಳಗ್ಗೆ ಮಾತ್ರ. ಶನಿವಾರಸಂತೆಯಲ್ಲಿ ಶನಿವಾರ ಸಂತೆ. ಹಳ್ಳಿಗಳಿಂದ ಎಲ್ಲರೂ ಹೇಗಿದ್ದರೂ ಬರುತ್ತಾರೆ. ನೆಂಟರೊಬ್ಬರ ಹಳೆಯ ಶುಂಠಿ ಗೋದಾಮಿನಲ್ಲಿ ಒಂದು ಮೇಜು, ಎರಡು ಬೆಂಚು, ಒಂದು ಪ್ರಿಂಟರ್ ಹಾಕಿಕೊಂಡೆವು. ಈಗಲೂ ಅಲ್ಲಿ ಶುಂಠಿ ವಾಸನೆ ಹೋಗಿಲ್ಲ. "ಕೊಂಡೆವು" ಅಂದೆನಲ್ಲ, ಇನ್ನೊಬ್ಬರು ಕ್ಲರ್ಕ್ ಆಗಿ ನಿವೃತ್ತರಾದ ಸುಬೇದಾರ್ ಸಾಬ್. ಸತ್ಯ ಹೇಳಬೇಕೆಂದರೆ ಅಂಗಡಿ ಅವರದ್ದೇ. ಯಾವ ಕರ್ನಲ್ ಆದರೂ ಸರ್ವೀಸಿನಲ್ಲಿ ಒಳ್ಳೆಯ ಹೆಸರು ತಗೊಂಡಿದ್ದರೆ ಅವನ ಹಿಂದೆ ಒಬ್ಬ ಹೆಡ್ ಕ್ಲರ್ಕ್ ಇದ್ದೇ ಇರುತ್ತಾನೆ. ನಿವೃತ್ತಿಯ ಮೇಲೂ ನನಗೆ ಒಬ್ಬರು ಸಿಕ್ಕಿದ್ದು ಪುಣ್ಯ.

ಈಗಿನ ಕೆಲಸದಲ್ಲಿ ಮುಕ್ಕಾಲು ಪಾಲು ಸ್ಪರ್ಶ್. ಮುಂಚೆ ಸೈನಿಕರ ಪೆನ್ಷನ್ ಲೆಕ್ಕ ಬ್ಯಾಂಕಿನವರು ಮಾಡಿ ಕೊಡುತ್ತಿದ್ದರು. 2021ರ ನಂತರ ಹಂತಹಂತವಾಗಿ ಎಲ್ಲವೂ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಯಿತು. ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕ ಕಚೇರಿಯಿಂದ ಹಣ ನೇರವಾಗಿ ಖಾತೆಗೆ. ವ್ಯವಸ್ಥೆ ಕೆಟ್ಟದ್ದೇನಲ್ಲ, ಹಳೆಯದಕ್ಕಿಂತ ಲೆಕ್ಕ ಸ್ಪಷ್ಟ. ಆದರೆ ಲಾಗಿನ್ ಆಗಬೇಕಾದರೆ ಒಟಿಪಿ ಬೇಕು. ಅಜ್ಜಿ ಇರುವುದು ಕೊಡ್ಲಿಪೇಟೆ ಹತ್ತಿರ, ಮೊಬೈಲ್ ನಂಬರ್ ಕೊಟ್ಟಿರುವುದು ಮೊಮ್ಮಗನದ್ದು, ಮೊಮ್ಮಗ ಮೈಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿ. ಒಟಿಪಿ ಬಂದು ಹೋಗಿರುತ್ತದೆ, ಅವನು ಊಟದ ಬಿಡುವಿನಲ್ಲಿ ನೋಡಿ "ಹಲೋ, ನಂಬರ್ ಹೇಳ್ಲಾ?" ಅನ್ನುತ್ತಾನೆ.

ನವೆಂಬರ್ ಬಂದರೆ ಗೋದಾಮು ತುಂಬುತ್ತದೆ. ಜೀವಂತ ಇದ್ದೇವೆ ಅಂತ ಪ್ರಮಾಣಪತ್ರ ಕೊಡುವ ತಿಂಗಳು ಅದು. 80 ದಾಟಿದವರು ಅಕ್ಟೋಬರಿನಲ್ಲೇ ಕೊಡಬಹುದು, ಆದರೆ ಎಲ್ಲರೂ ಒಟ್ಟಿಗೇ ಬರುತ್ತಾರೆ. ಬೆರಳಚ್ಚು ಯಂತ್ರ ಇಟ್ಟುಕೊಂಡಿದ್ದೆವು. ವರ್ಷವೆಲ್ಲ ತೋಟದಲ್ಲಿ ಕಳೆ ಕಿತ್ತು, ಕಾಫಿ ಕೊಯ್ದ ಕೈಗಳು. ಹೆಬ್ಬೆರಳಿನ ಗೆರೆ ಪೂರ್ತಿ ಸವೆದಿರುತ್ತದೆ. ಸೀರೆ ಸೆರಗಿಗೆ ಒರೆಸಿ ಒತ್ತಿದರೂ, ಒದ್ದೆ ಮಾಡಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಮುಖ ತೋರಿಸಿ ಪ್ರಮಾಣಪತ್ರ ಕೊಡುವ ಮೊಬೈಲ್ ಆ್ಯಪ್ ಬಂದ ಮೇಲೆ ಈ ಗೋಳು ಕಮ್ಮಿಯಾಯಿತು. ಅದರಲ್ಲಿ ಒಂದೇ ಕಿರಿಕಿರಿ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಪೊರೆ ಆಪರೇಷನ್ ಆದ ಅಜ್ಜಿಯರಿಗೆ "ಕಣ್ಣು ಮಿಟುಕಿಸಿ ಅಮ್ಮ" ಅಂದರೆ ಇನ್ನಷ್ಟು ದೊಡ್ಡದಾಗಿ ಬಿಟ್ಟು ನೋಡುತ್ತಾರೆ. ನಾನೂ ಸುಬೇದಾರ್ ಸಾಬೂ ಹೇಳಿ ಹೇಳಿ ಸೋತೆವು. ಸಹಾಯಕ್ಕೆ ಬಂದಿದ್ದ ನಮ್ಮ ಶಾಲೆಯ ಹುಡುಗನೊಬ್ಬ ಫೋನು ಇಸಿದುಕೊಂಡು, "ಅಜ್ಜಿ, ಸೊಳ್ಳೆ ಬಂತು ಸೊಳ್ಳೆ" ಅಂದು ಕೈ ಬೀಸಿದ. ಅಜ್ಜಿ ಪಟಪಟ ಕಣ್ಣು ಬಡಿದರು, ಕೆಲಸ ಆಯಿತು. ಅಲ್ಲಿಂದೀಚೆಗೆ ನವೆಂಬರಿನಲ್ಲಿ ಈ ವಿಭಾಗ ಮಕ್ಕಳದ್ದೇ.

ಹೆಸರಿನ ತಕರಾರು ಮಾತ್ರ ಇಷ್ಟು ಬೇಗ ಮುಗಿಯುವುದಿಲ್ಲ. ಒಬ್ಬ ತಾಯಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಮೇಲೆ ಹಸಿಮೆಣಸಿನಕಾಯಿ, ಬೀನ್ಸು, ಅದರ ಕೆಳಗೆ ಪೇಪರಿನಲ್ಲಿ ಸುತ್ತಿದ ಪಿಪಿಒ, ಅಂದರೆ ಪೆನ್ಷನ್ ಆದೇಶ. ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಸೇನೆಯ ದಾಖಲೆಯಲ್ಲಿ ಇವರ ಹೆಸರು ಪುಟ್ಟತಾಯಮ್ಮ, ಆಧಾರ್‌ನಲ್ಲಿ ಪುಟ್ಟಮ್ಮ. ಹುಟ್ಟಿದ ವರ್ಷವೂ ಬೇರೆ ಬೇರೆ. ಸೇನೆಯವರ ಪ್ರಕಾರ ಸತ್ತವರ ಹೆಂಡತಿ ಇವರಲ್ಲ. "ನಲವತ್ತು ವರ್ಷ ಸಂಸಾರ ಮಾಡ್ದೋಳು ನಾನೇ ಕಣಪ್ಪ" ಅಂದರು. ಸಿಟ್ಟು ಮಾಡಿಕೊಂಡಿರಲಿಲ್ಲ. ಕಂಪ್ಯೂಟರಿಗೆ ಯಾರಾದರೂ ಇಷ್ಟು ಹೇಳಿದರೆ ಸಾಕು ಅನ್ನುವ ಧಾಟಿ.

ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ಟು ಮಾಡಿಸಿ, ಮರಣ ಪ್ರಮಾಣಪತ್ರ, ಜಂಟಿ ಫೋಟೋ, ಬ್ಯಾಂಕ್ ಪಾಸ್‌ಬುಕ್ ಜೋಡಿಸಿ ಮಡಿಕೇರಿಗೆ ಕೊಟ್ಟೆವು. ಅಲ್ಲಿಂದ ಅದು ಒಂದು ರೆಕಾರ್ಡ್ ಆಫೀಸಿಗೆ ಹೋಯಿತು. ಒಂದು ಕಡೆ ಸಹಿ ಇಲ್ಲ ಅಂತ ವಾಪಸ್ ಬಂತು. ಸಹಿ ಇತ್ತು, ಅವರು ಹಿಂದಿನ ಪುಟ ನೋಡಿರಲಿಲ್ಲ. ಮತ್ತೆ ಕಳಿಸಿದೆವು. ಮಳೆಗಾಲ ಪೂರ್ತಿ ಕಳೆಯಿತು. ಆ ತಾಯಿ ಪ್ರತಿ ಸಂತೆಗೂ ಬಂದು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಏನೂ ಕೇಳದೆ ಎದ್ದು ಹೋಗುತ್ತಿದ್ದರು. ಕೊನೆಗೆ ತಿದ್ದಿದ ಪಿಪಿಒ ಬಂತು, ಬಾಕಿ ಹಣವೂ ಒಟ್ಟಿಗೆ ಬಂತು. ಅವರು ಬಾಳೆಗೊನೆ ತಂದುಕೊಟ್ಟರು. ಸುಬೇದಾರ್ ಸಾಬ್ ರೂಲಿನಂತೆ ಯಾರಿಂದಲೂ ಏನೂ ತಗೊಳ್ಳುವ ಹಾಗಿಲ್ಲ. ಬಾಳೆಹಣ್ಣಿಗೆ ರೂಲು ಸಡಿಲಿಸಿದೆವು.

ಇದಕ್ಕಿಂತ ಕಷ್ಟದ ಕೇಸುಗಳು ಎಟಿಎಂನವು. ಯಜಮಾನರು ಹೋದ ಮೇಲೂ ಪೂರ್ತಿ ಪೆನ್ಷನ್ ಖಾತೆಗೆ ಬರುತ್ತಿರುತ್ತದೆ, ಯಾಕೆಂದರೆ ಸತ್ತಿದ್ದನ್ನು ಯಾರೂ ತಿಳಿಸಿರುವುದಿಲ್ಲ. ಮಗ ಕಾರ್ಡ್ ಹಾಕಿ ತೆಗೆಯುತ್ತಾ ಹೋಗುತ್ತಾನೆ. ಮೋಸ ಮಾಡಬೇಕು ಅಂತಲ್ಲ, ಗೊತ್ತಿಲ್ಲದೆ. ಕುಟುಂಬ ಪಿಂಚಣಿಯ ಲೆಕ್ಕವೇ ಬೇರೆ. ನಿವೃತ್ತಿಯ ಮೇಲೆ ತೀರಿಕೊಂಡರೆ ಏಳು ವರ್ಷ, ಇಲ್ಲವೇ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ. ಆಮೇಲೆ ಕೊನೆಯ ಸಂಬಳದ ಶೇಕಡಾ 30. ನವೆಂಬರಿನಲ್ಲಿ ವಿಷಯ ಬಯಲಾದಾಗ ಜಾಸ್ತಿ ತೆಗೆದಿದ್ದನ್ನೆಲ್ಲ ವಿಧವೆಯ ಪೆನ್ಷನ್ನಿನಿಂದ ಕಂತಿನಲ್ಲಿ ಹಿಡಿಯುತ್ತಾರೆ. ಅದಕ್ಕೇ ನಾನು ಈಗ ಭಾಷಣಕ್ಕೆ ಕರೆದರೆ ಒಂದು ಷರತ್ತು ಹಾಕುತ್ತೇನೆ. ಮೊದಲ ಹತ್ತು ನಿಮಿಷ ಪೆನ್ಷನ್ ಬಗ್ಗೆ. ಸತ್ತ ತಕ್ಷಣ ತಿಳಿಸಿ, ಕಾರ್ಡ್ ಮುಟ್ಟಬೇಡಿ, ಹೆಂಡತಿ ಹೆಸರು ಆಧಾರಿಗೆ ಹೊಂದುತ್ತಾ ಅಂತ ನೀವು ಬದುಕಿರುವಾಗಲೇ ನೋಡಿ. ಹಬ್ಬದ ದಿನ ಸಾವಿನ ಮಾತು ಯಾಕೆ ಸಾರ್ ಅಂತ ಸಂಘಟಕರು ಮುಖ ಹುಳಿ ಮಾಡುತ್ತಾರೆ. ಮಾಡಲಿ ಬಿಡಿ. ಶಾಲುಗಳು ಕಮ್ಮಿಯಾಗಿವೆ, ಅದೂ ಒಳ್ಳೆಯದೇ.

ಫೌಜು ಸೇರುವ ಆಸೆ ಇರುವ ಹುಡುಗ ಹುಡುಗಿಯರಿಗೆ ಬೆಳಗಿನ ಓಟ ನಡೆಸುತ್ತೇನೆ. ನಮ್ಮ ಕಡೆ ಕಾಡಾನೆ ಕಾಟ, ಹಾಗಾಗಿ ಪೂರ್ತಿ ಬೆಳಕಾಗುವವರೆಗೆ ಯಾರೂ ತೋಟದ ರಸ್ತೆಗೆ ಇಳಿಯುವ ಹಾಗಿಲ್ಲ. ಅಗ್ನಿವೀರ್ ಅಂತ ಬರುವವರ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಾಲ್ಕು ವರ್ಷ, ಆಮೇಲೆ ನೂರಕ್ಕೆ ಹೆಚ್ಚೆಂದರೆ 25 ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸೇವಾ ನಿಧಿ ಸುಮಾರು 11.71 ಲಕ್ಷ, ಪೆನ್ಷನ್ ಇಲ್ಲ. ಹೋಗು ಅಂತ ನಾನು ಯಾರಿಗೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ.

ಎನ್‌ಡಿಎ ಕಥೆ ಬೇರೆ. ಓಟದಲ್ಲಿ ನಮ್ಮ ಮಕ್ಕಳನ್ನು ಹಿಡಿಯಲು ಆಗುವುದಿಲ್ಲ. ಬೀಳುವುದು ಲಿಖಿತ ಪರೀಕ್ಷೆಯಲ್ಲಿ. 300 ಅಂಕದ ಗಣಿತ, 600 ಅಂಕದ ಸಾಮಾನ್ಯ ಸಾಮರ್ಥ್ಯ ಪರೀಕ್ಷೆ, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಗಣಿತ ಕಲಿತ ಹುಡುಗಿ ಪ್ರಶ್ನೆ ಏನು ಅಂತ ಬಿಡಿಸಿಕೊಳ್ಳುವ ಹೊತ್ತಿಗೆ ಇಂಗ್ಲಿಷ್ ಶಾಲೆಯವನು ಉತ್ತರ ಗುರುತು ಮಾಡಿರುತ್ತಾನೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ. ಅಗ್ನಿವೀರ್ ಪರೀಕ್ಷೆಯನ್ನು 2025ರಲ್ಲಿ ಕನ್ನಡದಲ್ಲೂ ಕೊಡಲು ಶುರು ಮಾಡಿದರು. ಜವಾನನಿಗೆ ಕನ್ನಡ ಆಗುತ್ತದೆ, ಅಧಿಕಾರಿಗೆ ಆಗುವುದಿಲ್ಲವೇ? ಎನ್‌ಡಿಎಯಲ್ಲಿದ್ದು ಬಂದವನಾಗಿ ಹೇಳುತ್ತೇನೆ, ಒಳಗೆ ಹೋದ ಮೇಲೆ ಇಂಗ್ಲಿಷು ಆರು ತಿಂಗಳಲ್ಲಿ ಬರುತ್ತದೆ. ಬಾಗಿಲಲ್ಲೇ ಯಾಕೆ ತಡೆಯಬೇಕು?

2021ರಿಂದ ಹೆಣ್ಣುಮಕ್ಕಳಿಗೂ ಎನ್‌ಡಿಎ ಪರೀಕ್ಷೆ ಬರೆಯುವ ಅವಕಾಶ ಬಂತು. ಹದಿಮೂರು ಮೀಟರ್ ಕೇಳಿದ್ದ ಹುಡುಗಿ ಆಗ ಪಿಯುಸಿ ಮುಗಿಸುತ್ತಿದ್ದಳು, ಬರೆದಳು. ಮೊದಲ ಸಲ ಆಗಲಿಲ್ಲ. ಮತ್ತೊಮ್ಮೆ ಬರೆದು ಪಾಸಾಗಿ ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಮುಂದೆ, ಹೋದಳು. ಐದು ದಿನದ ಸಂದರ್ಶನ. 15 ಸೆಕೆಂಡಿಗೆ ಒಂದರಂತೆ 60 ಪದ ತೋರಿಸುತ್ತಾರೆ, ಪ್ರತಿಯೊಂದಕ್ಕೂ ಒಂದು ವಾಕ್ಯ ಬರೆಯಬೇಕು. ಗುಂಪಿನಲ್ಲಿ ಚರ್ಚೆ ಮಾಡಬೇಕು, ಹಗ್ಗ ಹಲಗೆ ಹಿಡಿದು ಅಡೆತಡೆ ದಾಟಬೇಕು. ಕೊನೆಯ ದಿನದ ಕಾನ್ಫರೆನ್ಸ್‌ವರೆಗೂ ನಿಂತಳು, ಆಯ್ಕೆ ಆಗಲಿಲ್ಲ. ಅವಳ ಅಪ್ಪ ಬಂದು "ನಿಮ್ಮ ಕೈಲಿ ಯಾರಿಗಾದ್ರೂ ಹೇಳ್ಸೋಕಾಗಲ್ವಾ ಸಾರ್?" ಅಂತ ಕೇಳಿದರು. ಆಗಲ್ಲ ಅಂದೆ. ಅವರು ನಂಬಲಿಲ್ಲ, ಇವತ್ತಿಗೂ ನನ್ನ ಮೇಲೆ ಸ್ವಲ್ಪ ಮುನಿಸಿದೆ. ಹುಡುಗಿ ಗಣಿತದಲ್ಲಿ ಬಿ.ಎಸ್ಸಿ. ಮಾಡಿ ಈಗ ಬಿ.ಎಡ್. ಓದುತ್ತಿದ್ದಾಳೆ. ಮೈಕ್ರೋ ಟೀಚಿಂಗಿಗೆ ದುರ್ಬೀನು ಬೇಕು ಅಂತ ಇಸಿದುಕೊಂಡು ಹೋಗಿದ್ದಾಳೆ, ಇನ್ನೂ ವಾಪಸ್ ಕೊಟ್ಟಿಲ್ಲ.

ಈ ವರ್ಷ ನಾನು ಹತ್ತನೇ ಕ್ಲಾಸು ಬಿಡುತ್ತಿದ್ದೇನೆ. ಇಷ್ಟು ವರ್ಷ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪಾಠ ಮಾಡಿ ನನಗೆ ಅನ್ನಿಸಿದ್ದು ಇಷ್ಟೇ. ಕೆಡುವುದು ಹತ್ತರಲ್ಲಲ್ಲ, ಎಂಟರಲ್ಲಿ. ಭಿನ್ನರಾಶಿ ಕೂಡಿಸಲು ಬಾರದವನಿಗೆ ಮುಂದೆ ಯಾವುದೂ ಬರುವುದಿಲ್ಲ. ಹಾಗಾಗಿ ಎಂಟನೇ ಕ್ಲಾಸು ಕೊಡಿ ಅಂತ ಕೇಳಿದೆ. ಹೆಡ್‌ಮಾಸ್ಟರಿಗೆ ಗಾಬರಿ. ಹತ್ತನೇ ಕ್ಲಾಸಿನ ರಿಸಲ್ಟು ಮಾತ್ರ ಎಲ್ಲರೂ ನೋಡುವುದು, ಪೇಪರಿನಲ್ಲಿ ಬರುವುದು ಅದೇ ಅಲ್ವಾ. "ಕರ್ನಲ್ ಆಗಿ ಎಂಟನೇ ಕ್ಲಾಸಾ ಸಾರ್?" ಅಂದರು. ಹತ್ತನೇ ಕ್ಲಾಸಿಗೆ ಹೊಸದಾಗಿ ಬಂದಿರುವ ಮೇಡಂ ಇದ್ದಾರೆ, ನನಗಿಂತ ಚೆನ್ನಾಗಿ ಮಾಡುತ್ತಾರೆ ಅಂತ ಒಪ್ಪಿಸಿದ್ದೇನೆ. ಶನಿವಾರ ಹತ್ತು ಗಂಟೆಯ ಮೇಲೆ ನನಗೆ ಪೀರಿಯಡ್ ಹಾಕಬೇಡಿ ಅಂತಲೂ ಹೇಳಿದ್ದೇನೆ. ಟೈಮ್‌ಟೇಬಲ್ ಇನ್ನೂ ಕೈಗೆ ಬಂದಿಲ್ಲ.